ಎಂಟು ಮಿಲಿಮೀಟರ್

ಶೆಷ್ಟೋಕಾಯ್ ನಿಲ್ದಾಣದ ಹಿಂದಿನ ಷೆಡ್ಡಿನಲ್ಲಿ
ಮೇಜಿನ ಮೇಲೆ ಎರಡು ತುಂಡು ಹಳಿ.
ಒಂದು, ಮೀಟರಿಗೆ ಅರವತ್ತೈದು ಕಿಲೋ, ಹೆಸರಿಗೆ;
ತೂಗಿದರೆ ಇನ್ನೂರೆಂಬತ್ತು ಗ್ರಾಂ ಕಡಿಮೆ.
ಇನ್ನೊಂದು ಅರವತ್ತು,
ತೂಗಿದರೆ ಇನ್ನೂರ ಹತ್ತು ಗ್ರಾಂ ಹೆಚ್ಚು.

"ಹೋಲಿಕೆಯ ಪಟ್ಟಿ ಬೇಕು, ಸ್ಕಿರ್ಮಾಂತೆ,
ಸೋಮವಾರದೊಳಗೆ."
ಎಡಕ್ಕೆ ಮಾಸ್ಕೋದ ಪುಸ್ತಕ, ಬಲಕ್ಕೆ ಬ್ರಸೆಲ್ಸಿನದು,
ನಡುವೆ ನಾನು ಎಳೆದ ಗೆರೆ.

ಮಾಸ್ಕೋದ್ದು ಹೇಳುತ್ತದೆ:
ಮೈನಸ್ ಅರವತ್ತರವರೆಗೆ ತಣಿಸು, ಮೇಲಿಂದ
ಒಂದು ಟನ್ ಭಾರ ಕೆಡವು, ಮುರಿಯಿತೋ ನೋಡು.
ಬ್ರಸೆಲ್ಸಿನದು ಮೈನಸ್ ಇಪ್ಪತ್ತಕ್ಕೇ ನಿಂತು
ಒಂದು ಬಿರುಕನ್ನು ತಾನೇ ಮಾಡಿಟ್ಟು
ಎಷ್ಟು ತಡೆದೀಯೆ ಎಂದು ಮೆಲ್ಲಗೆ ಕೇಳುತ್ತದೆ.
ಯಾರ ಅಜ್ಜ ಎಲ್ಲಿ ನಡುಗಿದ್ದನೋ
ಮೊಮ್ಮಕ್ಕಳು ಅಲ್ಲಿಗೆ ಗೆರೆ ಹಾಕಿಕೊಂಡಿದ್ದಾರೆ.

ಗಡಸುತನ ಸುಲಭ. ಪುಟ್ಟ ಗುಂಡನ್ನು ಒತ್ತಿ
ಬಿದ್ದ ಗುಳಿಯ ಅಗಲ ಅಳೆದರಾಯಿತು.
ಗುಳಿಗೆ ಭಾಷೆಯಿಲ್ಲ.

ಭಾಷೆ ಅಡ್ಡ ಬಂದದ್ದು ಅಂಗಗಳ ಸಾಲಿನಲ್ಲಿ.
ತಲೆಗೆ ತಲೆ ಎನ್ನಲು ಬಹುತೇಕ ಎಲ್ಲರೂ ಒಪ್ಪುತ್ತಾರೆ
(ಫ್ರೆಂಚರು ಮಾತ್ರ ಅಣಬೆ ಎನ್ನುತ್ತಾರೆ, ಇರಲಿ).
ಆದರೆ ತಲೆಗೂ ಪಾದಕ್ಕೂ ನಡುವೆ ನಿಂತ
ಆ ತೆಳ್ಳನೆಯ ಗೋಡೆ?
ರಷ್ಯನ್ನರಿಗೆ ಅದು ಕತ್ತು, ನಮಗೂ ಪುಟ್ಟ ಕತ್ತು.
ಜರ್ಮನ್ನರಿಗೆ ಸಂಕ, ಒಬ್ಬರೇ ದಾಟುವಂಥದ್ದು.
ಚೀನಾದಲ್ಲಿ ಸೊಂಟ. ಜಪಾನಿನಲ್ಲಿ ಹೊಟ್ಟೆ.
ಫ್ರೆಂಚರು ಅದನ್ನು ಆತ್ಮ ಎನ್ನುತ್ತಾರೆ,
ಆತ್ಮದ ದಪ್ಪ ಹದಿನಾರೂವರೆ ಮಿಲಿಮೀಟರ್
ಎಂದು ಕೆಳಗೇ ಬರೆದಿಡುತ್ತಾರೆ.

ಬೆಸುಗೆಯ ಕ್ಸಾವೆರಾಸನನ್ನು ಕೇಳಿದೆ:
ನೀವು ಏನೆನ್ನುತ್ತೀರಿ?
ಕೈಗವಸು ತೆಗೆದು ಹಳೆಯ ತುಂಡನ್ನು ಸವರಿದ.
"ಅದಾ? ಅದು ಹೊರುವುದು."
ಬೆರಳು ಒಂದು ಉಬ್ಬಿದ ಅಕ್ಷರದ ಮೇಲೆ ನಿಂತಿತು.
ಎ. ಅಜೋವ್ ದಂಡೆಯ ಕಾರ್ಖಾನೆ.
ಈಗ ಅಲ್ಲಿ ಚಾವಣಿಯಿಲ್ಲ, ಕುಲುಮೆಯಿಲ್ಲ,
ಈ ತುಂಡನ್ನು ಉರುಳಿಸಿದವನು ಎಲ್ಲಿದ್ದಾನೋ.
ತಯಾರಕನ ಗುರುತು ಇರಲೇಬೇಕು
ಎನ್ನುತ್ತವೆ ಎರಡು ಪುಸ್ತಕವೂ.
ತಯಾರಕ ಇರಬೇಕೆಂದು
ಎರಡರಲ್ಲೂ ಬರೆದಿಲ್ಲ.

ಶನಿವಾರ ರಾತ್ರಿ ಲೈನ್ ಎರಡು ಗಂಟೆ ಮುಚ್ಚಿತು.
ಹಳೆಯ ಹಳಿ ಮುಗಿದು ಹೊಸದು ಶುರುವಾಗುವ ಜಾಗ:
ಒಂದರ ಎತ್ತರ ನೂರ ಎಂಬತ್ತು,
ಇನ್ನೊಂದರದು ನೂರ ಎಪ್ಪತ್ತೆರಡು.
ಗಿಡ್ಡನೆಯದರ ಕೆಳಗೆ ಬೆಣೆ ಕೊಟ್ಟು, ಎತ್ತಿ, ನೋಡಿ,
ಮತ್ತೆ ಬೆಣೆ ಕೊಟ್ಟು
"ತಲೆ ಸಮ ಬಂದರೆ ಸಾಕು," ಅಂದ,
"ರೈಲು ಕಾಲು ನೋಡುವುದಿಲ್ಲ."

ಮರಳಿನ ಅಚ್ಚು ಕಟ್ಟಿದ, ಸಂದಿಗೆ ಜೇಡಿ ಮೆತ್ತಿದ,
ಬತ್ತಿಗೆ ಬೆಂಕಿ ಮುಟ್ಟಿಸಿ ಹಿಂದೆ ಸರಿದ.
ಆಮೇಲೆ ಅರೆ ನಿಮಿಷ
ಪೈನ್ ಮರಗಳಿಗೆಲ್ಲ ಹಗಲು.
ಬಿಳಿಯ ದ್ರವ ಇಳಿದು ಎರಡು ತುದಿಗಳನ್ನು ಕರಗಿಸಿ
ಯಾವ ಪುಸ್ತಕಕ್ಕೂ ಸೇರದ ಉಕ್ಕಾಯಿತು,
ಅಂಗೈಯಗಲ.

ಉಜ್ಜಿದ. ಮೀಟರುದ್ದದ ಪಟ್ಟಿಯಿಟ್ಟು
ಕೆಳಗೆ ಟಾರ್ಚ್ ಹಿಡಿದು, ಕೆನ್ನೆ ಹಳಿಗೆ ತಾಗಿಸಿ ನೋಡಿದ.
ಬೆಳಕು ತೂರಲಿಲ್ಲ.
ಐದೂ ಹತ್ತಕ್ಕೆ ಮರದ ದಿಮ್ಮಿ ಹೊತ್ತ ಗೂಡ್ಸು ಬಂತು,
ನಾನು ಕಿವಿಗೊಟ್ಟೆ, ಆ ಜಾಗದಲ್ಲಿ ಒಂದು ಟಕ್ ಕೇಳೀತೆಂದು.
ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ.

ಸೋಮವಾರ ಪಟ್ಟಿ ಒಪ್ಪಿಸಿದೆ.
ಎತ್ತರ, ವ್ಯತ್ಯಾಸ: ಎಂಟು.
ಷರಾ ಖಾಲಿ ಬಿಟ್ಟಿದ್ದೀಯಲ್ಲ, ಏನೂ ಇಲ್ಲವೇ ಅಂದರು.
ಅವನ ಎಡ ಮುಂಗೈ ಮೇಲೆ
ಕಿಡಿ ಬಿದ್ದು ಬೆಳ್ಳಗಾದ ಚುಕ್ಕೆಗಳು,
ಎಣಿಸಲು ಹೋಗಿ ಬಿಟ್ಟಿದ್ದೆ.
ಇಲ್ಲ, ಅಂದೆ.