ಹೆಸರು ಓದುವ ದಿನ

ಪ್ರತಿ ಸೆಪ್ಟೆಂಬರ್‌ನಲ್ಲಿ ಪಾದ್ರಿ ಒಂಬತ್ತು ಹೆಸರು ಓದುತ್ತಾರೆ.
ಅರ್ಧ ಗಾಳಿಪಾಲು.
ಆಮೇಲೆ ಶಾಲೆಯ ಮಕ್ಕಳು ಬರುತ್ತಾರೆ, ನೋಟ್‌ಬುಕ್ ಹಿಡಿದು:
ಅಜ್ಜಿ, ನೀವೂ ಅಲ್ಲಿದ್ದಿರಂತೆ, ಹೇಳಿ.

ಹೇಳುತ್ತೇನೆ. ಕೇಳಿದಷ್ಟನ್ನೇ ಹೇಳುತ್ತೇನೆ.

ಜೂನ್‌ನಲ್ಲಿ ದ್ವೀಪ ಬಿಟ್ಟು ಹಡಗು ಹತ್ತಿದೆವು, ದನಗಳ ಪಕ್ಕದಲ್ಲಿ ನಿಂತು.
ದನಗಳಿಗೆ ಹುಲ್ಲು ಹಾಸಿದ್ದರು.
ಸ್ಕಾಟ್ಲೆಂಡಿನ ಹೊಲದಲ್ಲಿ ಗಂಡಸರು ಮುಂದೆ ಅಗೆಯುತ್ತ,
ಹುಡುಗಿಯರು ಹಿಂದೆ, ಮಂಡಿಗೆ ಗೋಣಿ ಕಟ್ಟಿ ಹೆಕ್ಕುತ್ತ:
ದೊಡ್ಡ ಆಲೂಗಡ್ಡೆ ಒಂದು ಬುಟ್ಟಿಗೆ, ಸಣ್ಣದು ಇನ್ನೊಂದಕ್ಕೆ,
ಕೊಳೆತದ್ದು ನಮ್ಮ ಪಾತ್ರೆಗೆ.
ಹೊಲದ ಧಣಿ ನಮ್ಮನ್ನು ಹೆಸರು ಹಿಡಿದು ಕರೆದವನಲ್ಲ. ಎಣಿಸುತ್ತಿದ್ದ.

ಅಣ್ಣ ಫೆಸ್ಟಸ್‌ಗೆ ಹದಿನೇಳು. ಶಿಳ್ಳೆ ಹೊಡೆಯಲು ಬರುತ್ತಿರಲಿಲ್ಲ,
ಆದರೂ ಹೊಡೆಯುತ್ತಿದ್ದ, ಬರೀ ಉಸಿರು.
ಕೆಟಲು ಕುದೀತು ನೋಡ್ರೋ, ಅನ್ನುತ್ತಿದ್ದ ಕೊಲ್ಮನ್ ಲಾವೆಲ್.

ಮಕ್ಕಳು ಇದನ್ನು ಬರೆದುಕೊಳ್ಳುವುದಿಲ್ಲ.
ಬರೆದುಕೊಳ್ಳುವುದು ಬೀಗದ ಸಂಗತಿ:
ಹುಡುಗರು ಮಲಗುವ ಕೊಟ್ಟಿಗೆಗೆ ಮೇಸ್ತ್ರಿ ಹೊರಗಿನಿಂದ ಬೀಗ ಹಾಕುತ್ತಿದ್ದ,
ರಾತ್ರಿ ನಮ್ಮತ್ತ ಬಾರದಿರಲೆಂದು.
ನಮ್ಮ ಮಾನ ಕಾಯಲು. ವಿಚಾರಣೆಯಲ್ಲೂ ಹಾಗೇ ಹೇಳಿದ,
ಟೋಪಿ ಹಿಂಡುತ್ತ, ಅಳುತ್ತ. ಅವನೂ ನಮ್ಮ ದ್ವೀಪದವನೇ.
ಕೀಲಿ ಕೋಟಿನಲ್ಲಿ, ಕೋಟು ಮೊಳೆಯಲ್ಲಿ,
ಮೊಳೆ ಯಾವ ಗೋಡೆಯಲ್ಲೆಂದು
ಆ ರಾತ್ರಿ ಅವನ ಕೈಗೆ ಮರೆತುಹೋಯಿತು.

ಬೆಂಕಿ ಹೇಗೆ ಹತ್ತಿತಜ್ಜಿ?
ಕಾರಣ ತಿಳಿದುಬಂದಿಲ್ಲ. ಕಾಗದದಲ್ಲಿ ಹಾಗೇ ಇದೆ.
ಬರೆದುಕೊಳ್ಳಿ.

ಆ ದಿನ ಮಳೆ. ಹುಡುಗಿಯರ ಕಡೆ ಒಲೆಯಿರಲಿಲ್ಲ.
ಫೆಸ್ಟಸ್, ನನ್ನ ಶಾಲು ನಿಮ್ಮ ಒಲೆ ಹತ್ತಿರ ಹಾಕ್ತೀಯಾ, ಅಂದೆ.
ಕೊಡು, ಅಂದ. ತಲೆಗೆ ಹೊದ್ದು,
ಮುದುಕಿಯ ಹಾಗೆ ಬಗ್ಗಿ ನಡೆದು, ನಮ್ಮನ್ನೆಲ್ಲ ನಗಿಸಿ ಒಳಹೋದ.
ಹಿಂದೆಯೇ ಬೀಗ ಬಿತ್ತು.

ಹತ್ತಿರ ಅಂದಿದ್ದೆ. ಮೇಲೆ ಅಂದಿರಲಿಲ್ಲ.
ಅಂದಿರಲಿಲ್ಲ ಅಂತ ಎಪ್ಪತ್ತು ವರ್ಷದಿಂದ ಅಂದುಕೊಂಡಿದ್ದೇನೆ.
ಒದ್ದೆ ಉಣ್ಣೆ ಬೇಗ ಹತ್ತಿಕೊಳ್ಳುವುದಿಲ್ಲ,
ಕುರಿಯ ಊರಿನವಳು, ನನಗೆ ಗೊತ್ತು.
ಒಣಗಿದ ಮೇಲೆ?
ಯಾರೋ ಪೈಪು ಸೇದಿರಬಹುದು. ಮೇಣದಬತ್ತಿ ಉರುಳಿರಬಹುದು.
ಒಣಹುಲ್ಲಿನ ಹಾಸಿಗೆಗೆ ಎಷ್ಟು ನೆಪ ಬೇಕು.

ದೋಣಿಕಟ್ಟೆಯಲ್ಲಿ ಅಮ್ಮ ಒಂಬತ್ತೂ ಪೆಟ್ಟಿಗೆ ಮುಟ್ಟಿ ನೋಡಿದಳು,
ಯಾವುದು ತನ್ನದೆಂದು ಯಾರೂ ಹೇಳಲಾರದೆ.
ಆಮೇಲೆ ನನ್ನತ್ತ ತಿರುಗಿ:
ಈ ಚಳಿಯಲ್ಲಿ ಶಾಲಿಲ್ಲದೆ ಬಂದೆಯಾ, ಸಬೀನಾ?
ತನ್ನದನ್ನೇ ತೆಗೆದು ಹೊದಿಸಿದಳು.

ಇಗೋ, ಇದೇ ಅದು. ಎರಡು ಕಡೆ ತೇಪೆ ಹಾಕಿದ್ದೇನೆ.
ಮುಟ್ಟಿ ನೋಡುತ್ತೀಯೇನಮ್ಮ? ನೋಡು.
ಸ್ವಲ್ಪ ಚುಚ್ಚುತ್ತದೆ.