ನೀರಿನ ಟಾಂಕಿ

ಲಾಡ್ಲೇಸಾಬ ಮಾಮು ಹನ್ನೊಂದು ವರ್ಷ
ವಿಶಾಖಪಟ್ಟಣದಾಗ ನೀರಿನ ಟಾಂಕಿ ಕಟ್ಟಿದ.
ಹಂಗಂತ ಅವನೇ ಹೇಳ್ತಿದ್ದ.

ಶಹಾಬಾದದಾಗ ಟ್ಯಾಂಕರಿನ ಹಿಂದ ಕೊಡ ಹಿಡಿದು ಓಡುವ ನಾವು
ನಗ್ತಿದ್ವಿ: ಯಾವ ಊರಿಂದು ಮಾಮು, ಇನ್ನಾ ತುಂಬಿಲ್ಲ?

ಒಮ್ಮೆ ರಜಾಕ್ಕ ಬಂದಾಗ
ಫರಸಿ ಕೊಯ್ಯುವ ಮಶೀನಿನ ಮುರಿದ ಕಾಲು ಬೆಸೆದ,
ಉಗುರಿನಿಂದ ಗೀರಿ ನೋಡಿದ,
ಕಿತ್ತಿ ಮತ್ತ ಬೆಸೆದ.
"ಕಲ್ಲು ಕೊಯ್ಯೂದಕ್ಕ ಇಷ್ಟ್ಯಾಕೋ?" ಅಂದ ಮಾಲಕ.
ಹೂಂ ಅನ್ನಲಿಲ್ಲ.

ಕಡೀಸಲ ಬಂದಾಗ ಟೀವಿಯೊಳಗ
ಒಂದು ತಗಡಿನ ಶೆಡ್ಡು, ಒಡೆದ ತೆಂಗಿನಕಾಯಿ.
ಹಡಗು ತೋರಿಸಲೇ ಇಲ್ಲ.
ಮಾಮು ರೊಟ್ಟಿ ತಾಟಿನ್ಯಾಗ ಬಿಟ್ಟು ಎದ್ದ.

ಸಂಜಿಗಿ ಹಳೇ ಖಣಿಯ ದಂಡಿಗೆ ನನ್ನ ಒಯ್ದ.
ಹಸಿರು ನೀರು, ತಳ ಕಂಡವರಿಲ್ಲ.
"ಅದನ್ನ ನೀರಿಗೆ ದೂಡಲಿಲ್ಲ,
ಅದು ಕುಂತಲ್ಲಿಗೇ ನೀರು ಬಿಟ್ವಿ.
ರಾತ್ರೆಲ್ಲಾ ಬಿಟ್ವಿ. ನಸುಕಿನ್ಯಾಗ ಒಂದು ಗೇಣು ಎದ್ದಿತು,
ಅಷ್ಟು ಸಾವಿರ ಟನ್ನು.
ಯಾರೂ ಚಪ್ಪಾಳಿ ಹೊಡೀಲಿಲ್ಲ.
ನನ್ನ ಜೋಡು ಎಲ್ಲಿ ಸೋರ್ತದೋ ಅಂತ
ನಾ ಕಿವಿ ಕೊಟ್ಟು ನಿಂತಿದ್ದೆ."

ಅದರ ಹೊಟ್ಟ್ಯಾಗ ಏನಿತ್ತು, ಮಾಮು?

ಫರಸಿಯ ಚೂರೊಂದು ನೀರಿಗೆ ಒಗೆದ.
ಮುಳುಗೂತನಕ ನೋಡಿದ,
ಮುಳುಗಿದ ಮ್ಯಾಲೂ ನೋಡಿದ.
"ಟಾಂಕಿ," ಅಂದ.