ಯುದ್ಧದ ಹೆಸರು

ಕಡಲ ದಂಡೆಯ ಆ ಕರಿಗಲ್ಲಿನಿಂದ
ಅಣ್ಣನ ಹೆಸರನ್ನು ಮನೆಗೆ ತಂದೆ.
ಕಾಗದ ಒತ್ತಿ ಹಿಡಿದು, ಮೇಲೆ ಪೆನ್ಸಿಲ್ಲು ಉಜ್ಜಿ,
ಮಕ್ಕಳು ನಾಲ್ಕಾಣೆ ಮೂಡಿಸುತ್ತಾರಲ್ಲ, ಹಾಗೆ.
ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚಾಗಿ
ಜವರಾಜೂ ಆಗಿದ್ದಾನೆ,
ಯಾರೋ ಆಚೆ ದಡದಿಂದ ಕೂಗಿದಂತೆ.

ಶ್ರೀರಂಗಪಟ್ಟಣದಲ್ಲಿ ರೈಲಿಳಿದು ಬಿಚ್ಚಿದರೆ
ಸುರುಳಿಗೆ ಇನ್ನೂ ಉಪ್ಪಿನ ಪಸೆ.
ಅವ್ವ ಓದಲಾರಳು. ಮೂಸಿದಳು.
ರಜೆಗೆ ಬಂದಾಗೆಲ್ಲ ಅವನ ಅಂಗೈಯಲ್ಲಿ
ಹಗ್ಗದ ಗ್ರೀಸಿನ ವಾಸನೆ ಇರುತ್ತಿತ್ತು.
'ಇದ್ರಲ್ಲಿ ಅದಿಲ್ವಲ್ಲ ಕೂಸೇ' ಅಂದಳು.

ತಾಲ್ಲೂಕು ಕಚೇರಿಯ ಅರ್ಜಿಯಲ್ಲಿ
ಏಳನೇ ಕಾಲಮ್ಮು: ಯುದ್ಧದ ಹೆಸರು.
ಯುದ್ಧ ಇರಲಿಲ್ಲ ಸಾರ್.
ಕೆಟ್ಟು ನಿಂತ ಸರಕಿನ ದೋಣಿಯೊಂದನ್ನು
ಬಂದರಿಗೆ ಎಳೆದು ತರುತ್ತಿದ್ದರು, ಒಂದು ಮಂಗಳವಾರ.
ಮಧ್ಯಾಹ್ನಕ್ಕೆ ಅಲಸಂದೆ ಸಾರು ಮಾಡಿದ್ದರಂತೆ.
ಹಗ್ಗ ತುಂಡಾಯಿತು.
ಮೂರು ದಿನ ಹುಡುಕಿದರು.
ಗುಮಾಸ್ತರು ಒಳ್ಳೆಯವರು, ಟೀ ತರಿಸಿದರು,
ಕನ್ನಡಕ ಒರೆಸಿಕೊಂಡು
ನೀಲಿ ಶಾಯಿಯಲ್ಲಿ ಬರೆದರು:
ಅನ್ವಯಿಸುವುದಿಲ್ಲ.

ಅಪ್ಪನಿಗೆ ಇದನ್ನು ಹೇಳಲಿಲ್ಲ.
ನಲವತ್ತು ವರ್ಷದಿಂದ ಪಶ್ಚಿಮವಾಹಿನಿಯಲ್ಲಿ
ಯಾರು ಯಾರದೋ ಬೂದಿ ಸಾಗಿಸಿದ ಹರಿಗೋಲು ಅವನದು.
ಮಡಕೆಗೆ ಕಟ್ಟಿದ ಬಟ್ಟೆ ನೋಡಿಯೇ ಹೇಳುತ್ತಾನೆ
ಮಗು, ಮುದುಕ, ಬಾಣಂತಿ.
ತನ್ನ ಮಗನದೊಂದು ಚಿಟಿಕೆ
ಅವನ ಕೈಗೆ ಬರಲಿಲ್ಲ.
'ಈಜು ಕಲ್ಸಿದ್ದು ನಾನೇ' ಎಂದಷ್ಟೇ
ಒಮ್ಮೆ ಅಂದಿದ್ದ, ಬೀಡಿ ಹಚ್ಚುತ್ತ.

ಆ ಸಂಜೆ ನನ್ನನ್ನು ಕೂರಿಸಿಕೊಂಡು ಹೊರಟ.
ನಡುನೀರಿನಲ್ಲಿ, ಕೇಳದೇ ಇದ್ದರೂ:
'ನಮ್ಮ ಹೊಳೆ ಮೂಡ್ಲ ಕಡ್ಲಿಗೆ ಓಯ್ತದೆ.
ಅವ್ನಿರೋದು ಪಡುವಲ್ದಾಗೆ.
ಎಷ್ಟು ನೀರು ಓದ್ರೂ ಅವ್ನಿಗೆ ಮುಟ್ಟಕಿಲ್ಲ.'

ಇಲ್ಲಿ ಮಾತ್ರ, ಈ ತಿರುವಿನಲ್ಲಿ ಮಾತ್ರ,
ಏನನ್ನೋ ಮರೆತು ಬಂದವಳಂತೆ ಹೊಳೆ
ನಾಲ್ಕು ಮಾರು ಪಡುವಣಕ್ಕೆ ತಿರುಗುತ್ತದೆ.
ಅಲ್ಲಿಗೆ ಬಂದದ್ದೇ
ಅಪ್ಪ ಹುಟ್ಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.
ನಾನು ಸೆರಗಿನೊಳಗೆ ಕಾಗದ ಹಿಡಿದೇ ಇದ್ದೆ.
ಬಿಡು ಅನ್ನಲಿಲ್ಲ ಅವನು, ಬೇಡ ಅನ್ನಲೂ ಇಲ್ಲ.
ಹರಿಗೋಲು ಮೆಲ್ಲಗೆ ಸುತ್ತುತ್ತ ತಾನೇ ಹೋಯಿತು
ಮಂಟಪದ ನೆರಳು ದಾಟಿ,
ಬಂಡೆ ತಡೆಯುವ ತನಕ.

ದಡದಲ್ಲಿ ಮೈಸೂರಿನವರು, ಕೆಂಪು ಬಟ್ಟೆಯ ಮಡಕೆ,
'ಯಜಮಾನ್ರೇ, ಹೊತ್ತಾಯ್ತೂ' ಎಂದು ಕೂಗಿದರು.
ಮುದುಕಿ, ಅಂದ ಅಪ್ಪ.
ಹುಟ್ಟನ್ನು ನೀರಿಗೆ ಹಾಕಿದ.